ಹಡಗಿನ ಬಣ್ಣ ಕೇಳುವ ಮೊದಲು ತಾರೀಖು ಹೇಳಿ

ಯುದ್ಧನೌಕೆಗಳ ಮಾದರಿ ಕಟ್ಟಿಕೊಡುವುದು ನನ್ನ ವೃತ್ತಿ. ವಿಮಾನವಾಹಕ ನೌಕೆ ಬೇಕೆಂದು ಬರುವವರಲ್ಲಿ ಹೆಚ್ಚಿನವರು ಹಡಗಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. "ಎರಡನೇ ಮಹಾಯುದ್ಧದ ಎಂಟರ್‌ಪ್ರೈಸ್ ಮಾಡಿಕೊಡಿ ಸಾರ್, ಬಣ್ಣ ಮಾತ್ರ ಪಕ್ಕಾ ಇರಬೇಕು." ಯಾವ ವರ್ಷದ್ದು, ಸಾಧ್ಯವಾದರೆ ಯಾವ ತಿಂಗಳಿನದ್ದು ಎಂದು ನಾನು ಕೇಳಿದರೆ ಅವರಿಗೆ ಆಶ್ಚರ್ಯ. ಆದರೆ ಅದು ಗೊತ್ತಾಗದೆ ಒಂದು ಹನಿ ಬಣ್ಣವನ್ನೂ ಕಲಸಲಾಗದು.

ಅಮೆರಿಕದ ವಿಮಾನವಾಹಕ ಎಂಟರ್‌ಪ್ರೈಸನ್ನೇ ನೋಡಿ. 1938ರ ಮೇ ತಿಂಗಳಲ್ಲಿ ಸೇವೆಗೆ ಸೇರಿದಾಗ ಮೈ ತಿಳಿ ಬೂದು. ವಿಮಾನಗಳು ಏರಿಳಿಯುವ ಮರದ ಫ್ಲೈಟ್ ಡೆಕ್ ಮಹಾಗನಿ ಕೆಂಪು, ಅದರ ಮೇಲೆ ಹಳದಿ ಗುರುತುಗಳು. ಯುದ್ಧ ಹತ್ತಿರವಾದಂತೆ ಮೈ ಕಡು ಬೂದಾಯಿತು, ಡೆಕ್ ನೀಲಿಗೆ ತಿರುಗಿತು. 1943ರಲ್ಲಿ ಅಮೆರಿಕದ ಬ್ರೆಮರ್ಟನ್ ಹಡಗುಕಟ್ಟೆಯಲ್ಲಿ ದೊಡ್ಡ ದುರಸ್ತಿ ಮುಗಿಸಿಕೊಂಡು ಹೊರಟಾಗ ಮೈಯೆಲ್ಲ ಕಡುನೀಲಿ. 1944ರಲ್ಲಿ ಕಣ್ಣು ಕೋರೈಸುವ ಪಟ್ಟೆಗಳ 'ಡ್ಯಾಝಲ್' ವೇಷ. 1945ರಲ್ಲಿ ಮತ್ತೆ ಕಡುನೀಲಿ. ಇವೆಲ್ಲ ಒಂದೇ ಹಡಗಿನವು, ಎಲ್ಲವೂ ಸರಿಯೇ. ತಪ್ಪಾಗುವುದು ಒಂದು ವರ್ಷದ ಮೈಗೆ ಇನ್ನೊಂದು ವರ್ಷದ ಡೆಕ್ಕನ್ನೂ ಮತ್ತೊಂದು ವರ್ಷದ ವಿಮಾನಗಳನ್ನೂ ಸೇರಿಸಿದಾಗ. ಕಿಟ್ ಡಬ್ಬಿಯ ಮೇಲಿನ ಚಿತ್ರ ನೋಡಿ ಬಣ್ಣ ಹಚ್ಚಿದ ಮಾದರಿಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಈ ಕಲಬೆರಕೆಯನ್ನೇ.

ತಾರೀಖು ಗಟ್ಟಿಯಾದ ಮೇಲೆ ಮೊದಲ ಆಧಾರ ದಾಖಲೆ. ಅಮೆರಿಕದ ನೌಕಾಪಡೆಯ ವಿಷಯದಲ್ಲಿ ನಾವು ಅದೃಷ್ಟವಂತರು. ಅವರ ಬ್ಯೂರೋ ಆಫ್ ಶಿಪ್ಸ್ 'ಶಿಪ್ಸ್-2' ಎಂಬ ಮರೆಮಾಚುವಿಕೆಯ ಕೈಪಿಡಿ ಹೊರಡಿಸಿ, ಯುದ್ಧಕಾಲದಲ್ಲಿ ಮತ್ತೆ ಮತ್ತೆ ಪರಿಷ್ಕರಿಸಿತು. ಅದರಲ್ಲಿ ಪ್ರತಿಯೊಂದು ವಿಧಾನಕ್ಕೂ 'ಮೆಷರ್' ಎಂಬ ಸಂಖ್ಯೆಯಿದೆ. ಮೆಷರ್ 21 ಎಂದರೆ ಲಂಬವಾದ ಮೇಲ್ಮೈಗಳೆಲ್ಲ 5-ಎನ್ ನೇವಿ ಬ್ಲೂ, ಅಡ್ಡ ಮೇಲ್ಮೈಗಳೆಲ್ಲ 20-ಬಿ ಡೆಕ್ ಬ್ಲೂ. ಮೇಲಿನಿಂದ ನೋಡುವ ವಿಮಾನಕ್ಕೆ ಹಡಗು ಕಡಲಲ್ಲಿ ಕರಗಿಹೋಗಬೇಕು. ಮೆಷರ್ 32 ಮತ್ತು 33 ಡ್ಯಾಝಲ್ ಬಗೆಗಳು, ಜಲಾಂತರ್ಗಾಮಿಯ ಪೆರಿಸ್ಕೋಪಿಗೆ ಹಡಗು ಯಾವ ಕಡೆ ಹೊರಟಿದೆ ಎಂದು ತಿಳಿಯದಿರಲಿ ಎಂದು ಮಾಡಿದವು. ಜಪಾನಿನ ಆತ್ಮಾಹುತಿ ವಿಮಾನಗಳ ಕಾಮಿಕಾಝೆ ದಾಳಿ ಶುರುವಾದ ಮೇಲೆ ಮತ್ತೆ ವಿಮಾನದ ಭಯವೇ ದೊಡ್ಡದಾಯಿತು, ಪಟ್ಟೆಗಳು ಹೋಗಿ ಕಡುನೀಲಿ ಬಂತು. ಈ ಕಾರಣಗಳು ತಲೆಯಲ್ಲಿದ್ದರೆ, ತಾರೀಖಿಲ್ಲದ ಫೋಟೋ ಸಿಕ್ಕಾಗ ಕಾಲವನ್ನು ಅಂದಾಜು ಮಾಡುವುದು ಎಷ್ಟೋ ಸುಲಭ.

ಡ್ಯಾಝಲ್ ಸಂಕೇತ ಓದುವುದನ್ನೂ ಕಲಿಯಬೇಕು. ಎಂಟರ್‌ಪ್ರೈಸಿನ 1944ರ ವೇಷ 'ಮೆಷರ್ 33, ಡಿಸೈನ್ 4ಎಬಿ'. ಮೊದಲ ಸಂಖ್ಯೆ ಬಣ್ಣಗಳ ತೀವ್ರತೆಯನ್ನು, ಎರಡನೆಯದು ವಿನ್ಯಾಸವನ್ನು ಸೂಚಿಸಿದರೆ, 'ಎ' ಅಕ್ಷರ ಅದು ವಿಮಾನವಾಹಕಕ್ಕೆಂದೇ ಬರೆದ ವಿನ್ಯಾಸವೆಂದು ಹೇಳುತ್ತದೆ. 'ಡಿ' ಇದ್ದರೆ ಡಿಸ್ಟ್ರಾಯರಿಗೆ ಬರೆದದ್ದು. ವಿಮಾನವಾಹಕ ಎಸೆಕ್ಸ್ ಹಾಕಿಕೊಂಡದ್ದು 6/10ಡಿ, ಅಂದರೆ ಸಣ್ಣ ಹಡಗಿಗೆ ಬರೆದ ವಿನ್ಯಾಸ ದೊಡ್ಡ ಹಡಗಿನ ಮೇಲೆ. ಎಡ ಬಲ ಎರಡು ಮಗ್ಗುಲಿನ ಪಟ್ಟೆಗಳೂ ಬೇರೆ ಬೇರೆ. ಒಂದು ಮಗ್ಗುಲಿನ ಫೋಟೋ ನೋಡಿ ಇನ್ನೊಂದನ್ನು ಊಹಿಸಿದಿರೋ, ಕೆಟ್ಟಿತು.

ದಾಖಲೆ ಆದೇಶವನ್ನು ಹೇಳುತ್ತದೆ, ಹಡಗಿನ ಮೇಲೆ ಆದದ್ದನ್ನಲ್ಲ. ಬಹುತೇಕ ಬೂದು-ನೀಲಿ ಛಾಯೆಗಳು ಹುಟ್ಟಿದ್ದು ಎರಡೇ ಸಾಮಗ್ರಿಯಿಂದ: 5-ಯು ಎಂಬ ಬಿಳಿ ಮೂಲಬಣ್ಣ, ಅದಕ್ಕೆ ಬೆರೆಸುವ 5-ಟಿಎಂ ಎಂಬ ಗಾಢ ನೇರಳೆ-ನೀಲಿ ಪೇಸ್ಟ್. ಪೇಸ್ಟ್ ಹೆಚ್ಚಾದರೆ ನೇವಿ ಬ್ಲೂ, ಕಡಿಮೆಯಾದರೆ ತಿಳಿ ಬೂದಾದ ಹೇಝ್ ಗ್ರೇ. ಹಡಗಿನಲ್ಲೇ ಕಲಸಬಹುದಿತ್ತು, ಹಾಗಾಗಿ ಒಂದು ಡ್ರಮ್ಮಿಗೂ ಇನ್ನೊಂದಕ್ಕೂ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತಿತ್ತು. ಉಪ್ಪುಗಾಳಿ, ಬಿಸಿಲಿಗೆ ಮೇಲ್ಪದರ ಸುಣ್ಣದಂತೆ ಪುಡಿಯಾಗಿ ತಿಳಿಯಾಗುತ್ತಿತ್ತು. 1945ರ ಹೊತ್ತಿಗೆ ಈ ನೇರಳೆ ಛಾಯೆಯನ್ನು ಬಿಟ್ಟು ತಟಸ್ಥ ಬೂದಿನ ಕಡೆಗೆ ಹೊರಳಿದರು. ಅಂದರೆ ಅದೇ ಹೆಸರಿನ ಬಣ್ಣ ಎರಡು ವರ್ಷದಲ್ಲಿ ಎರಡು ಬಣ್ಣ.

ಈ ನೇರಳೆ ಎಳೆಯೇ ಅಂಗಡಿಯ ಬಾಟಲಿಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು. ನೌಕಾಪಡೆ ತನ್ನ ಬಣ್ಣಗಳನ್ನು, ಪ್ರತಿ ಬಣ್ಣಕ್ಕೂ ಸಂಕೇತ ಕೊಟ್ಟು ಗುರುತಿಸುವ ಮನ್ಸೆಲ್ ಪದ್ಧತಿಯಲ್ಲಿ ಅಳೆದಿತ್ತು. ಈ ಸರಣಿ '5ಪಿಬಿ', ಅಂದರೆ ನೇರಳೆ-ನೀಲಿ ಕುಟುಂಬಕ್ಕೆ ಸೇರಿದ್ದು. ನಾನು ಮನ್ಸೆಲ್ ಬಣ್ಣದ ಮಾದರಿ ಚೀಟಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ಕಲಸಿದ ಬಣ್ಣವನ್ನು ಬಿಳಿ ಪ್ಲಾಸ್ಟಿಕ್ ತುಂಡಿಗೆ ಏರ್‌ಬ್ರಶ್ ಮಾಡಿ, ಪೂರ್ತಿ ಒಣಗಿಸಿ, ಮ್ಯಾಟ್ ವಾರ್ನಿಶ್ ಹೊಡೆದ ಮೇಲೆಯೇ ಹೋಲಿಕೆ. ಹಸಿ ಬಣ್ಣ ಬೇರೆ, ಒಣಗಿದ್ದು ಬೇರೆ, ವಾರ್ನಿಶ್ ಬಿದ್ದ ಮೇಲೆ ಇನ್ನೂ ಬೇರೆ. ಬೂದು ರಟ್ಟಿನಲ್ಲಿ ಎರಡು ಕಿಂಡಿ ಕೊರೆದು, ಒಂದರ ಹಿಂದೆ ಚೀಟಿ, ಇನ್ನೊಂದರ ಹಿಂದೆ ನನ್ನ ತುಂಡು ಇಟ್ಟು ಕಿಟಕಿ ಬೆಳಕಿನಲ್ಲಿ ನೋಡುತ್ತೇನೆ. ಆಮೇಲೆ ಅದೇ ಎರಡನ್ನು, ಮಾದರಿ ಕೊನೆಗೆ ನಿಲ್ಲುವ ಶೋಕೇಸಿನ ಎಲ್‌ಇಡಿ ಕೆಳಗೆ. ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವಾಗ ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡುತ್ತೇವಲ್ಲ, ಕಾರಣ ಅದೇ: ಬೇರೆ ಬೇರೆ ವರ್ಣದ್ರವ್ಯಗಳಿಂದ ಬಂದ ಒಂದೇ ಬಣ್ಣ, ಬೆಳಕು ಬದಲಾದರೆ ಎರಡಾಗಿಬಿಡುತ್ತದೆ. ಮೊಬೈಲ್ ಪರದೆ ಎದುರಿಟ್ಟುಕೊಂಡು ಬಣ್ಣ ಕಲಸುವುದನ್ನಂತೂ ದಯವಿಟ್ಟು ಬಿಡಿ.

ಇನ್ನು ಫೋಟೋ. ಕಪ್ಪು-ಬಿಳುಪು ಫೋಟೋ ವಿನ್ಯಾಸಕ್ಕೆ ಒಳ್ಳೆಯ ಸಾಕ್ಷಿ, ಛಾಯೆಗೆ ದುರ್ಬಲ ಸಾಕ್ಷಿ. ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣದು; ಅದರಲ್ಲಿ ಕೆಂಪು ಕಪ್ಪಾಗಿ, ನೀಲಿ ಇರುವುದಕ್ಕಿಂತ ತಿಳಿಯಾಗಿ ಬರುತ್ತದೆ. ಕಡುನೀಲಿ ಹಡಗನ್ನು ಮಧ್ಯಮ ಬೂದು ಎಂದು ಓದುವ ಅಪಾಯ ಇಲ್ಲಿಯೇ. ಬಣ್ಣದ ಫೋಟೋ ಬೇಕಿದ್ದರೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ 80-ಜಿ-ಕೆ ಸಂಖ್ಯೆಯ ಚಿತ್ರಗಳನ್ನು ಹುಡುಕಿ. ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮ್ ಕತ್ತಲಲ್ಲಿಟ್ಟರೆ ಬಣ್ಣವನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಅದರಲ್ಲೂ ಸಂಜೆ ಬಿಸಿಲು, ನೀರಿನ ಪ್ರತಿಫಲನಗಳಿಗೆ ರಿಯಾಯಿತಿ ಕೊಡಬೇಕು. ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಹಳೆಯ ಚಿತ್ರಗಳು ಸಾಕ್ಷಿಯೇ ಅಲ್ಲ. ಎಷ್ಟು ಚೆಂದವಿದ್ದರೂ ಸರಿ, ನನ್ನ ಮೇಜಿನ ಮೇಲೆ ಅವಕ್ಕೆ ಜಾಗವಿಲ್ಲ.

ನೋಡುವವರ ಕಣ್ಣು ಮೊದಲು ಬೀಳುವುದು ಡೆಕ್ಕಿನ ಮೇಲೆ. ಅಮೆರಿಕದ ವಾಹಕಗಳ ಮರದ ಡೆಕ್ಕಿಗೆ ಹಚ್ಚುತ್ತಿದ್ದದ್ದು ಪೇಂಟ್ ಅಲ್ಲ, ನಾರ್ಫೋಕ್ 250-ಎನ್ ಹೆಸರಿನ ನೀಲಿ ಛಾಯೆಯ ಸ್ಟೇನ್. ಅದು ಮರದೊಳಗೆ ಇಳಿಯುತ್ತದೆ, ಟೈರು ಉಜ್ಜಿದ ಕಡೆ ಸವೆಯುತ್ತದೆ, ಹಲಗೆ ಬದಲಿಸಿದ ಕಡೆ ತೇಪೆಯಾಗಿ ಕಾಣುತ್ತದೆ. ಆದ್ದರಿಂದ ಡೆಕ್ಕಿಡೀ ಒಂದೇ ಸಮ ಬಣ್ಣ ಹೊಡೆದರೆ ಸುಳ್ಳು ಕಾಣುತ್ತದೆ. ನಾನು ಒಂದು ಮೂಲ ಛಾಯೆ ಹೊಡೆದು, ಅದನ್ನೇ ಸ್ವಲ್ಪ ತಿಳಿ, ಸ್ವಲ್ಪ ಬೂದು ಮಾಡಿ ಹಲಗೆಗಳ ಗುಂಪು ಗುಂಪಿಗೆ ತೆಳುವಾಗಿ ಕೊಡುತ್ತೇನೆ. ಕುಂಚ ಹೋಗಬೇಕಾದ ದಿಕ್ಕು ಮುಖ್ಯ: ಅಮೆರಿಕದ ಡೆಕ್ಕಿನಲ್ಲಿ ಹಲಗೆಗಳು ಅಡ್ಡಕ್ಕೆ, ಜಪಾನಿನ ಡೆಕ್ಕಿನಲ್ಲಿ ಉದ್ದಕ್ಕೆ.

ಡೆಕ್ಕಿನ ಮೇಲಿನ ವಿಮಾನಗಳು ತಾರೀಖನ್ನು ಇನ್ನೂ ಬಿಗಿ ಮಾಡುತ್ತವೆ. 1942ರ ಮೇ 8ರಂದು ಕೋರಲ್ ಸಮುದ್ರದಲ್ಲಿ ಅಮೆರಿಕದ ವಾಹಕ ಲೆಕ್ಸಿಂಗ್ಟನ್ ಮುಳುಗಿದಾಗ ಅಮೆರಿಕದ ವಿಮಾನಗಳ ಬಿಳಿ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇತ್ತು. ಜಪಾನಿನ ಕೆಂಪು ವೃತ್ತದೊಂದಿಗೆ ಗೊಂದಲವಾಗುತ್ತದೆಂದು ಅದೇ ತಿಂಗಳು ಅದನ್ನು ಅಳಿಸಿದರು. ಜೂನ್ 4ರ ಮಿಡ್‌ವೇ ಕದನಕ್ಕೆ ಚುಕ್ಕೆ ಇಲ್ಲ. ನಡುವೆ ನಾಲ್ಕೇ ವಾರ! 2018ರಲ್ಲಿ ಲೆಕ್ಸಿಂಗ್ಟನ್ ಅವಶೇಷ ಸಿಕ್ಕಾಗ, ಸುಮಾರು 3 ಕಿಲೋಮೀಟರ್ ಆಳದಲ್ಲಿ ಅದರ ವಿಮಾನಗಳ ಬಣ್ಣ, ಲಾಂಛನಗಳು ಇನ್ನೂ ಗುರುತು ಸಿಗುವಂತಿದ್ದವು.

ನಮ್ಮ ವಿರಾಟ್ ಕಟ್ಟುವವರಿಗೂ ಇದೇ ನಿಯಮ. 1987ರಲ್ಲಿ ನಮ್ಮ ನೌಕಾಪಡೆ ಸೇರುವ ಮೊದಲು ಅದು ಬ್ರಿಟನ್ನಿನ ಹರ್ಮೀಸ್. 1982ರಲ್ಲಿ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಹೋಗುವ ದಾರಿಯಲ್ಲೇ ಅದರ ಸೀ ಹ್ಯಾರಿಯರ್ ಯುದ್ಧವಿಮಾನಗಳ ಬಿಳಿ ಹೊಟ್ಟೆಗೆ ಕಡು ಬೂದು ಬಳಿದರು. ಹೊರಟ ದಿನದ ಹರ್ಮೀಸ್ ಬೇರೆ, ಯುದ್ಧದ ದಿನದ್ದು ಬೇರೆ, ನಮ್ಮ ವಿರಾಟ್ ಬೇರೆ.

ಜಪಾನಿನ ಹಡಗುಗಳಲ್ಲಿ ಕೆಲಸ ಕಷ್ಟ. 1945ರ ಆಗಸ್ಟಿನಲ್ಲಿ ಬಹಳಷ್ಟು ಕಾಗದಪತ್ರ ಸುಟ್ಟರು. ಕುರೆ, ಸಾಸೆಬೊ, ಮೈಝುರು, ಯೊಕೊಸುಕಾ ಹಡಗುಕಟ್ಟೆಗಳ ಬೂದು ಒಂದೊಂದೂ ಬೇರೆ, ಹಾಗಾಗಿ ಹಡಗು ಕೊನೆಯ ಸಲ ಯಾವ ಕಟ್ಟೆಗೆ ಹೋಗಿತ್ತು ಎಂಬುದೇ ಮೊದಲ ಪ್ರಶ್ನೆ. 1944ರ ಅಕ್ಟೋಬರಿನಲ್ಲಿ ಮುಳುಗಿದ ಝುಯಿಕಾಕು, ಝುಯಿಹೊ ವಾಹಕಗಳಿಗೆ ಹಸಿರು ವೇಷವಿತ್ತು. ಝುಯಿಹೊ ಡೆಕ್ಕಿನ ವಿನ್ಯಾಸವನ್ನು ದಾಳಿ ಮಾಡಿದ ಅಮೆರಿಕದ ವಿಮಾನದಿಂದಲೇ ತೆಗೆದ ಫೋಟೋ ತೋರಿಸುತ್ತದೆ.

ಸಣ್ಣ ಮಾದರಿಯಲ್ಲಿ ಬಣ್ಣಕ್ಕೆ ಬಿಳಿ ಬೆರೆಸಿ ತಿಳಿ ಮಾಡಬೇಕೇ ಎಂಬ ವಾದ ಮುಗಿಯುವುದಿಲ್ಲ. 251 ಮೀಟರಿನ ಎಂಟರ್‌ಪ್ರೈಸ್ 1/350 ಅಳತೆಯ ಮಾದರಿಯಲ್ಲಿ ಸುಮಾರು 72 ಸೆಂಟಿಮೀಟರ್, 1/700ರಲ್ಲಿ ಅದರರ್ಧ. ಚಿಕ್ಕದರಲ್ಲಿ ನಾನು ತುಸು ತಿಳಿ ಮಾಡುತ್ತೇನೆ, ಆದರೆ ಎಲ್ಲ ಬಣ್ಣಗಳನ್ನೂ ಒಂದೇ ಪ್ರಮಾಣದಲ್ಲಿ. ಪಟ್ಟೆಗಳ ಬಣ್ಣಗಳ ನಡುವಿನ ವ್ಯತ್ಯಾಸ ಕೆಡಬಾರದು. ಬಿಳಿಯ ಬದಲು ತಿಳಿ ಬೂದು ಬೆರೆಸಿದರೆ ನೀಲಿ ಹಾಲುಹಾಲಾಗುವುದಿಲ್ಲ. ಕಲಸಿದ ಪ್ರಮಾಣ, ಆಯ್ದ ತಾರೀಖು, ಯಾವುದು ದಾಖಲೆಯಿಂದ ಬಂತು, ಯಾವುದು ನನ್ನ ಅಂದಾಜು, ಎಲ್ಲವನ್ನೂ ಬರೆದು ಪೀಠದ ಕೆಳಗೆ ಅಂಟಿಸುತ್ತೇನೆ. ಮುಂದೆ ಹೊಸ ಫೋಟೋ ಸಿಕ್ಕಿ ಯಾರಾದರೂ ತಿದ್ದಬೇಕೆಂದರೆ, ಎಲ್ಲಿಂದ ಶುರುಮಾಡಬೇಕೆಂದು ಅವರಿಗೆ ಗೊತ್ತಿರುತ್ತದೆ.