ಎಸ್‌ಡಬ್ಲ್ಯೂಆರ್ ಚೆನ್ನಾಗಿದೆ, ಪವರ್ ಎಲ್ಲಿ ಹೋಯಿತು?

160 ಮೀಟರ್ ಬ್ಯಾಂಡಿಗೆ (ಸುಮಾರು 1.8 ಮೆಗಾಹರ್ಟ್ಸ್) ಆಂಟೆನಾ ಕಟ್ಟಿದ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಆಗಾಗ ಹೇಳುವ ಮಾತಿದು: "ಎಸ್‌ಡಬ್ಲ್ಯೂಆರ್ ಒಂದಕ್ಕೊಂದು ಬಂದಿದೆ ಸಾರ್, ಆದ್ರೂ ಯಾರಿಗೂ ಕೇಳಿಸ್ತಿಲ್ಲ." ಎಸ್‌ಡಬ್ಲ್ಯೂಆರ್ ಅಂದರೆ ಆಂಟೆನಾ 50 ಓಮ್ ಕೇಬಲ್ಲಿಗೆ ಎಷ್ಟು ಚೆನ್ನಾಗಿ ಹೊಂದಿದೆ ಎಂಬ ಅಳತೆ; 1:1 ಬಂದರೆ ಪೂರ್ತಿ ಹೊಂದಿಕೆ. ನೆಲದಲ್ಲಿ ಏನು ಹಾಕಿದ್ದೀರಿ ಅಂತ ನಾನು ಕೇಳುತ್ತೇನೆ. ಬಹುಪಾಲು ಉಪ್ಪು, ಇದ್ದಿಲು ತುಂಬಿದ ಅರ್ತಿಂಗ್ ಗುಂಡಿ ಅಷ್ಟೇ ಇರುತ್ತದೆ.

ಸುರಕ್ಷತೆಗೆ ಆ ಗುಂಡಿ ಬೇಕೇ ಬೇಕು. ಆದರೆ 1.8 ಮೆಗಾಹರ್ಟ್ಸ್‌ನಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆಂಟೆನಾದ ಕರೆಂಟ್ ಸುತ್ತಲಿನ ನೆಲದ ಉದ್ದಗಲಕ್ಕೂ ಹರಡಿ ವಾಪಸ್ ಬರುತ್ತದೆ. ಬರುವ ದಾರಿಯಲ್ಲಿ ಮಣ್ಣನ್ನು ಬಿಸಿ ಮಾಡಿ ಪವರ್ ಕಳೆಯುತ್ತದೆ. ಆ ದಾರಿಗೆ ತಾಮ್ರ ಹಾಸುವುದೇ ಆಂಟೆನಾ ಬುಡದಿಂದ ಸುತ್ತಲೂ ಕಿರಣಗಳಂತೆ ಹರಡಿದ ತಂತಿಗಳ, ಅಂದರೆ ರೇಡಿಯಲ್‌ಗಳ ಕೆಲಸ.

ಲೆಕ್ಕ ನೋಡಿ. 15 ಮೀಟರ್ ಮೇಲಕ್ಕೆ, 26 ಮೀಟರ್ ಅಡ್ಡಕ್ಕೆ ಎಳೆದ ತಂತಿಯ ಆಂಟೆನಾ, ಅಂದರೆ ಇನ್ವರ್ಟೆಡ್ ಎಲ್‌ನ ರೇಡಿಯೇಶನ್ ರೆಸಿಸ್ಟೆನ್ಸ್ (ಪವರನ್ನು ಅಲೆಯಾಗಿ ಹೊರಗೆ ಕಳಿಸುವ ಪಾಲು) ಸುಮಾರು 12 ಓಮ್. ನೆಲದ ನಷ್ಟ 38 ಓಮ್ ಇದ್ದರೆ ಒಟ್ಟು 50. ಎಸ್‌ಡಬ್ಲ್ಯೂಆರ್ ಬಹಳ ಚಂದ! ಆದರೆ 100 ವ್ಯಾಟ್‌ನಲ್ಲಿ ಆಂಟೆನಾ ಹೊರಗೆ ಕಳಿಸುವುದು 24 ವ್ಯಾಟ್ ಮಾತ್ರ. ರೇಡಿಯಲ್ ಹಾಸಿ ನಷ್ಟವನ್ನು 12 ಓಮ್‌ಗೆ ಇಳಿಸಿದರೆ ಒಟ್ಟು 24 ಓಮ್, ಎಸ್‌ಡಬ್ಲ್ಯೂಆರ್ ಎರಡು ದಾಟುತ್ತದೆ. ಹೊರಗೆ ಹೋಗುವುದು 50 ವ್ಯಾಟ್. ಮೀಟರಿನ ಅಂಕಿ ಕೆಟ್ಟಾಗಲೇ ಆಂಟೆನಾ ಸುಧಾರಿಸಿದೆ. ಆ 24 ಓಮ್‌ ಅನ್ನು 50ಕ್ಕೆ ಹೊಂದಿಸಲು ಬುಡದಲ್ಲೊಂದು 2:1 ಇಂಪೀಡೆನ್ಸ್ ಅನುಪಾತದ ಟೊರಾಯ್ಡ್ (ಬಳೆಯಾಕಾರದ ಕೋರ್‌ನ) ಟ್ರಾನ್ಸ್‌ಫಾರ್ಮರ್ ಸಾಕು.

ಹಾಗಾಗಿ ನಾನು ನೋಡುವುದು ಎಸ್‌ಡಬ್ಲ್ಯೂಆರ್ ಅಲ್ಲ, ಬುಡದ ರೆಸಿಸ್ಟೆನ್ಸ್. ಮೊದಲು ಕೋಆಕ್ಸ್‌ಗೆ (ಆಂಟೆನಾ ಕೇಬಲ್ಲಿಗೆ) ಒಳ್ಳೆಯ ಫೆರೈಟ್ ಚೋಕ್ ಹಾಕಿ, ಹೊರಕವಚದ ಮೇಲೆ ಹರಿಯುವ ಕರೆಂಟನ್ನು ಅದು ತಡೆಯುತ್ತದೆ. ಇಲ್ಲದಿದ್ದರೆ ಕೇಬಲ್ಲಿನ ಹೊರಕವಚವೂ ರೇಡಿಯಲ್ ಆಗಿಬಿಡುತ್ತದೆ, ಅಳತೆ ಸುಳ್ಳಾಗುತ್ತದೆ. ಆಮೇಲೆ ಅಡ್ಡ ತಂತಿಯನ್ನು ಹೆಚ್ಚು ಕಡಿಮೆ ಮಾಡಿ ರಿಯಾಕ್ಟೆನ್ಸ್ (ಪವರ್ ಕಳೆಯದಿದ್ದರೂ ಹೊಂದಿಕೆ ಕೆಡಿಸುವ ಪಾಲು) ಸೊನ್ನೆಗೆ ತನ್ನಿ. ರೆಸಿಸ್ಟೆನ್ಸ್ ಬರೆದಿಡಿ. ಎದುರುಬದುರು ಎರಡೆರಡು ರೇಡಿಯಲ್ ಸೇರಿಸುತ್ತಾ ಪ್ರತಿ ಸಲ ಹೀಗೇ ಅಳೆಯಿರಿ. ಇಳಿಯುವುದು ನಿಂತರೆ ನೀವೂ ನಿಲ್ಲಿಸಬಹುದು. 1937ರಲ್ಲಿ ಅಮೆರಿಕದ ಎಂಜಿನಿಯರುಗಳಾದ ಬ್ರೌನ್, ಲೂಯಿಸ್, ಎಪ್‌ಸ್ಟೀನ್ ಪ್ರಯೋಗ ಮಾಡಿ ತೋರಿಸಿದ ಮೇಲೆ ಮೀಡಿಯಂ ವೇವ್ ಕೇಂದ್ರಗಳಿಗೆ 120 ರೇಡಿಯಲ್ ಎಂಬುದು ರೂಢಿಯಾಯಿತು. ನಮಗೆ ಅಷ್ಟು ಬೇಕಿಲ್ಲ.

ಸೈಟ್ ಚಿಕ್ಕದಾದರೆ? ಇರುವ ತಂತಿಯನ್ನು ನಾಲ್ಕು ಉದ್ದ ಎಳೆಗಳಾಗಿ ಹಾಸುವುದಕ್ಕಿಂತ ಹದಿನಾರು ಗಿಡ್ಡ ಎಳೆಗಳಾಗಿ ಹಾಸುವುದು ಸಾಮಾನ್ಯವಾಗಿ ಲೇಸು. ನೆಲದ ಮೇಲಿನ ತಂತಿಯನ್ನು ಕಾಲು ಅಲೆಯುದ್ದಕ್ಕೆ ಕತ್ತರಿಸುವ ಹಟವೂ ಬೇಡ, ಮಣ್ಣು ಆ ಟ್ಯೂನಿಂಗನ್ನು ಉಳಿಸುವುದಿಲ್ಲ. ಅಮೆರಿಕದ ಹ್ಯಾಮ್ ರೂಡಿ ಸೆವರ್ನ್ಸ್ ನಾಲ್ಕೇ ರೇಡಿಯಲ್ ಇಟ್ಟು ಅಳೆದಾಗ, ಅವನ್ನು ಗಿಡ್ಡ ಮಾಡಿದರೆ ಸಿಗ್ನಲ್ ಜಾಸ್ತಿಯಾಯಿತು. ಇದು ನನಗೆ ತುಂಬಾ ಇಷ್ಟವಾದ ಪ್ರಯೋಗ. ತಂತಿ ದುಬಾರಿ ಅಲ್ವಾ, ಎಲ್ಲಿ ಉಳಿಸಬಹುದು ಅಂತ ಅದು ಹೇಳುತ್ತದೆ.

ತಾರಸಿಯ ಮೇಲೆ ಕಥೆಯೇ ಬೇರೆ. ಎತ್ತರದಲ್ಲಿ ಕಟ್ಟಿದ ರೇಡಿಯಲ್‌ಗಳನ್ನು ಟ್ಯೂನ್ ಮಾಡಲೇಬೇಕು. ಕ್ಲಿಪ್ ಆಗುವ ಆರ್‌ಎಫ್ ಕರೆಂಟ್ ಮೀಟರಿನಿಂದ ಒಂದೊಂದನ್ನೂ ಅಳೆದು, ಎಲ್ಲದರಲ್ಲೂ ಸಮ ಕರೆಂಟ್ ಬರುವ ಹಾಗೆ ಉದ್ದ ಹೊಂದಿಸಿ. ತುದಿಗಳಲ್ಲಿ ವೋಲ್ಟೇಜ್ ಬಹಳ ಹೆಚ್ಚು, ಮಕ್ಕಳ ಕೈಗೆ ಎಟುಕದಂತಿರಲಿ.

ನೆಲದ ಮೇಲೆ ಹಾಸಿದವರು ಕೊನೆಯ ಅಳತೆಯನ್ನು ಮಳೆಗಾಲದಲ್ಲಿ ತೆಗೆದುಕೊಂಡು ಸುಮ್ನಾಗಬೇಡಿ. ಒದ್ದೆ ಮಣ್ಣು ಕೊಡುವ ಅಂಕಿ ಏಪ್ರಿಲ್‌ನಲ್ಲಿ ಇರುವುದಿಲ್ಲ. ಎರಡೂ ಕಾಲದ ಅಳತೆ ಬರೆದಿಟ್ಟರೆ, ಬುಡದ ಬೋಲ್ಟ್ ತುಕ್ಕು ಹಿಡಿದಾಗಲೂ ಗೊತ್ತಾಗುತ್ತದೆ.