ಗ್ರಾಫ್‌ನಲ್ಲಿ ಬಿದ್ದ ಕಂಡಿ

ಮಾನಿಟರಿಂಗ್ ಪರದೆಯಲ್ಲಿ ಸರಾಗವಾಗಿ ಬರುತ್ತಿದ್ದ ಗೆರೆ ನಡುವೆ ಇಪ್ಪತ್ತು ನಿಮಿಷ ಮಾಯ. ಸರ್ವರ್ ಬಿದ್ದೇಹೋಯಿತು ಅನ್ನುವ ಮುಂಚೆ ಸ್ವಲ್ಪ ತಡೆಯಿರಿ. ಸರ್ವರ್ ನೆಟ್ಟಗೇ ಇದ್ದು, ಅದರ ಸ್ಥಿತಿ ಹೇಳುವ ಅಂಕಿ ದಾರಿಯಲ್ಲಿ ಸಿಕ್ಕಿಕೊಂಡಿರಬಹುದು ಅಥವಾ ತಪ್ಪು ಗಳಿಗೆಯ ಮೇಲೆ ಹೋಗಿ ಕೂತಿರಬಹುದು.

ಮೊದಲು ಗಡಿಯಾರ ನೋಡಿ. ಏಜೆಂಟ್ (ಅಂಕಿ ಕಲೆಹಾಕಿ ಕೊಡುವ ಪುಟ್ಟ ತಂತ್ರಾಂಶ) ಕೂತ ಯಂತ್ರದ ಗಡಿಯಾರ ಹತ್ತು ನಿಮಿಷ ಮುಂದಿದ್ದು, ಅಂಕಿಗೆ ಅದೇ ಸಮಯದ ಮುದ್ರೆ ಬಿದ್ದರೆ, ಆ ಅಂಕಿ ಇನ್ನೂ ಬಾರದ ಕಾಲಕ್ಕೆ ದಾಖಲಾಗುತ್ತದೆ. ‘ಕಳೆದ 5 ನಿಮಿಷ’ ಎಂದು ಹುಡುಕುವ ಅಲರ್ಟ್‌ಗೆ ಅದು ಕಾಣುವುದಿಲ್ಲ. ಗಡಿಯಾರ ತಿದ್ದಿದ ಕೂಡಲೇ ಇನ್ನೊಂದು ಪೇಚು: ಹೊಸ ಅಂಕಿಗಳು ಈಗಾಗಲೇ ಸೇರಿದ್ದಕ್ಕಿಂತ ಹಳೆಯವು. ರಿಮೋಟ್ ರೈಟ್ (ಬೇರೆ ಕಡೆಯಿಂದ ಅಂಕಿ ತಳ್ಳುವ ವಿಧಾನ) ಮೂಲಕ ಹೀಗೆ ಕ್ರಮ ತಪ್ಪಿ ಬಂದವನ್ನು ಪ್ರೊಮೀಥಿಯಸ್ ಎಂಬ ಮಾನಿಟರಿಂಗ್ ತಂತ್ರಾಂಶ, ಬೇರೆ ಸೆಟ್ಟಿಂಗ್ ಕೊಡದಿದ್ದರೆ, ಒಪ್ಪುವುದೇ ಇಲ್ಲ. ಅಂದರೆ ಸರಿ ಮಾಡಿದ್ದಕ್ಕೇ ಹತ್ತು ನಿಮಿಷದ ಅಂಕಿ ನಷ್ಟ! ಲಿನಕ್ಸ್‌ನಲ್ಲಿ ‘ಕ್ರೋನಿಸಿ ಟ್ರ್ಯಾಕಿಂಗ್’ (chronyc tracking) ಆದೇಶ ಗಡಿಯಾರದ ವ್ಯತ್ಯಾಸ ತೋರಿಸುತ್ತದೆ. ಹೊಂದಾಣಿಕೆಯೇ ಆಗಿಲ್ಲ ಎಂದರೆ ಫೈರ್‌ವಾಲ್‌ನಲ್ಲಿ ಸಮಯ ಹೊಂದಿಸುವ ಯುಡಿಪಿ 123 ಪೋರ್ಟ್ ಮುಚ್ಚಿದೆಯೇ ನೋಡಿ.

ಗಡಿಯಾರ ಸರಿಯಿದ್ದರೆ ಅಂಕಿಯ ದಾರಿ ಹಿಡಿಯಿರಿ. ಜಾಬಿಕ್ಸ್ ಎಂಬ ಇನ್ನೊಂದು ಮಾನಿಟರಿಂಗ್ ತಂತ್ರಾಂಶದಲ್ಲಿ ಅದರ ಸರ್ವರ್ ಏಜೆಂಟ್ ಬಳಿ ಕೇಳುವುದು ಪೋರ್ಟ್ 10050ರಲ್ಲಿ. ಏಜೆಂಟ್, ಪ್ರಾಕ್ಸಿ (ಹಲವು ಏಜೆಂಟ್‌ಗಳ ಅಂಕಿ ಕೂಡಿಸಿ ಸರ್ವರ್‌ಗೆ ದಾಟಿಸುವ ಮಧ್ಯವರ್ತಿ) ತಾವಾಗಿ ಕಳಿಸುವುದು 10051ಕ್ಕೆ. ಒಂದು ತೆರೆದು ಇನ್ನೊಂದನ್ನು ಮರೆಯುವವರು ಬಹಳ. ಸಕ್ರಿಯ, ಅಂದರೆ ತಾನಾಗಿ ಕಳಿಸುವ ಏಜೆಂಟ್ ಆದರೆ ಅದರ ಸೆಟ್ಟಿಂಗ್ ಕಡತದ ಹೋಸ್ಟ್‌ನೇಮ್ ಸರ್ವರ್‌ನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು, ದೊಡ್ಡಕ್ಷರ ಚಿಕ್ಕಕ್ಷರ ಸಮೇತ.

ಸಂಪರ್ಕ ಕಡಿದಾಗ ಪ್ರಾಕ್ಸಿ ಅಂಕಿಗಳನ್ನು ಕೂಡಿಟ್ಟುಕೊಳ್ಳುತ್ತದೆ, ಆದರೆ ಏನೂ ಬದಲಿಸದಿದ್ದರೆ 1 ಗಂಟೆಯಷ್ಟು ಮಾತ್ರ. ಮೂರು ಗಂಟೆ ಕಡಿದರೆ ಮೊದಲ ಎರಡು ಗಂಟೆಯವು ಹೋದಂತೆಯೇ. ‘ಪ್ರಾಕ್ಸಿ ಆಫ್‌ಲೈನ್ ಬಫರ್’ ಹಿಗ್ಗಿಸಿ. ಡಿಸ್ಕ್‌ನಲ್ಲಿ ಜಾಗ ಇದೆಯೇ ಅದನ್ನೂ ನೋಡಿ. ಹೊಸದಾಗಿ ಸೇರಿಸಿದ ಹೋಸ್ಟ್‌ನಿಂದ (ನಿಗಾ ಇಟ್ಟ ಯಂತ್ರದಿಂದ) ಅಂಕಿ ಬರುತ್ತಿಲ್ಲವೇ? ಸೆಟ್ಟಿಂಗ್ ಪ್ರಾಕ್ಸಿಗೆ ತಲುಪಲು ಹಳೆಯ ಆವೃತ್ತಿಗಳಲ್ಲಿ 3600 ಸೆಕೆಂಡ್‌ವರೆಗೂ ಹಿಡಿಯುತ್ತಿತ್ತು, 6.4ರಿಂದ ಅದು 10.

ಕೊನೆಗೆ ಜಾಬಿಕ್ಸ್‌ನ ಕ್ಯೂ ಪರದೆ, ಅಂದರೆ ತಡವಾದ ಅಂಕಿಗಳ ಪಟ್ಟಿ. ತಡವಾದವೆಲ್ಲ ಒಂದೇ ಪ್ರಾಕ್ಸಿಯವಾದರೆ ಕೀಟಲೆ ಅಲ್ಲಿದೆ. ಎಲ್ಲ ಕಡೆಯವೂ ತಡವಾದರೆ ಸರ್ವರ್‌ನ ಡೇಟಾಬೇಸ್ ಬರೆಯಲಾರದೆ ಏದುಸಿರು ಬಿಡುತ್ತಿರಬಹುದು. ಗಂಟೆಗೊಮ್ಮೆ ಅದೇ ನಿಮಿಷಕ್ಕೆ ತಡವಾಗುತ್ತಿದ್ದರೆ, ಹಳೆಯ ದಾಖಲೆ ಅಳಿಸುವ ಹೌಸ್‌ಕೀಪರ್ ಎದ್ದ ಹೊತ್ತಿಗೆ ಅದು ತಾಳೆಯಾಗುತ್ತದೆಯೇ ಎಂದು ಲಾಗ್‌ನಲ್ಲಿ ನೋಡಿ.