ಮೋಡ ಕುಡಿದು ಬೆಳೆಯುವ ಕಾಡು

ಅಮೆರಿಕದಲ್ಲಿ ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ಮೌಂಟ್ ಮಿಚೆಲ್‌ಗಿಂತ ಎತ್ತರದ ಶಿಖರವಿಲ್ಲ. 6,684 ಅಡಿ, ಅಂದರೆ 2,037 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ನೂರು ಮೀಟರ್‌ನಷ್ಟು ಹೆಚ್ಚು. ಉತ್ತರ ಕೆರೊಲಿನಾ ರಾಜ್ಯದ ಮೊಟ್ಟಮೊದಲ ಸ್ಟೇಟ್ ಪಾರ್ಕ್ ಇದು. ಶಾರ್ಲಟ್, ರಾಲೀ ಕಡೆಯ ಕನ್ನಡಿಗರಿಗೆ ವಾರಾಂತ್ಯಕ್ಕೆ ನಿಲುಕುವ ಜಾಗ. ನೆತ್ತಿಯ ಸಮೀಪದವರೆಗೂ ಕಾರು ಹೋಗುತ್ತದೆ. ಹಾಗಾಗಿ ಬಹಳ ಜನ ವೀಕ್ಷಣಾ ಕಟ್ಟೆ ಹತ್ತಿ, ಮಂಜು ಕವಿದಿದ್ದರೆ ‘ಏನೂ ಕಾಣಲಿಲ್ಲ’ ಎಂದು ಬೇಸರದಿಂದ ಇಳಿದುಬಿಡುತ್ತಾರೆ. ಆ ಮಂಜೇ ಅಲ್ಲಿ ನೋಡಬೇಕಾದದ್ದು ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು.

ಬೆಟ್ಟ ಏರುತ್ತ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪ ಇಳಿಯುತ್ತದೆ. ತಪ್ಪಲಿನ ಆಶ್‌ವಿಲ್ ಪಟ್ಟಣದಲ್ಲಿ ಓಕ್, ಮೇಪಲ್ ಮರಗಳ ನಡುವೆ ಹೊರಟವರು ಮೇಲೆ ತಲುಪುವಷ್ಟರಲ್ಲಿ ಕೆನಡಾದ ಕಾಡನ್ನು ಹೋಲುವ ಸ್ಪ್ರೂಸ್, ಫರ್ ಮರಗಳ ಮಧ್ಯೆ ನಿಂತಿರುತ್ತಾರೆ. ಕಳೆದ ಹಿಮಯುಗದಲ್ಲಿ ಇಂಥ ಕಾಡು ಕೆಳಗಿನ ಕಣಿವೆಗಳವರೆಗೂ ಹಬ್ಬಿತ್ತು. ಭೂಮಿ ಬೆಚ್ಚಗಾದಂತೆ ಅದು ಚಳಿಯನ್ನು ಅರಸಿ ಮೇಲೇರುತ್ತ ಬಂದು, ಕೊನೆಗೆ ಶಿಖರಗಳ ನೆತ್ತಿಗಳಲ್ಲಷ್ಟೇ ಉಳಿಯಿತು. ಒಂದು ನೆತ್ತಿಗೂ ಇನ್ನೊಂದಕ್ಕೂ ನಡುವೆ ಬೆಚ್ಚಗಿನ ಕಣಿವೆ. ಅದನ್ನು ದಾಟಲಾರದ ಜೀವಿಗಳಿಗೆ ಪ್ರತಿ ಶಿಖರವೂ ಒಂದು ದ್ವೀಪ. ಬಾಬಾಬುಡನ್‌ಗಿರಿ, ಕುದುರೆಮುಖದ ಶೋಲಾ ಕಾಡುಗಳನ್ನು ಕಂಡವರಿಗೆ ಈ ಏಕಾಂತದ ಪರಿಚಯವಿದ್ದೇ ಇರುತ್ತದೆ.

ವರ್ಷದ ಬಹುಪಾಲು ದಿನ ಈ ನೆತ್ತಿ ಮೋಡದೊಳಗಿರುತ್ತದೆ. ಮಳೆ ಬೀಳದಿದ್ದರೂ ಫರ್ ಮರದ ಕೆಳಗೆ ನೀರು ತೊಟ್ಟಿಕ್ಕುತ್ತಿರುತ್ತದೆ. ಗಾಳಿಯಲ್ಲಿ ತೇಲಿಬರುವ ಸೂಕ್ಷ್ಮ ಹನಿಗಳು ಸೂಜಿಯಂಥ ಎಲೆಗಳಿಗೆ ತಾಗಿ, ಒಂದಕ್ಕೊಂದು ಕೂಡಿಕೊಂಡು, ದಪ್ಪನಾಗಿ ಉದುರುತ್ತವೆ. ಆ ನೀರನ್ನೇ ನಂಬಿ ಬಂಡೆಗಳ ಮೇಲೆ ಹಾವಸೆ ಹಬ್ಬಿದೆ. ಹಾವಸೆಯ ಅಡಿಯಲ್ಲಿ ಮೂರು–ನಾಲ್ಕು ಮಿಲಿಮೀಟರ್ ಉದ್ದದ ಒಂದು ಜೇಡ ವಾಸಿಸುತ್ತದೆ. ದೈತ್ಯ ಟರಾಂಟುಲಾಗಳ ದೂರದ ನಂಟ ಅದು! ಹಾವಸೆ ಒಣಗಿದರೂ ಅದು ಉಳಿಯದು, ತೊಯ್ದು ತೊಪ್ಪೆಯಾದರೂ ಉಳಿಯದು. 1995ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಕೊಳೆತ ದಿಮ್ಮಿಗಳ ಆಸುಪಾಸಿನಲ್ಲಿ ಸಾಲಮ್ಯಾಂಡರ್‌ಗಳಿವೆ. ಆಕಾರದಲ್ಲಿ ಹಲ್ಲಿಯಂತಿದ್ದರೂ ಇವು ಕಪ್ಪೆಯ ಹಾಗೆ ಉಭಯವಾಸಿಗಳು. ಇಲ್ಲಿನ ಬಹುತೇಕ ಜಾತಿಗಳಿಗೆ ಶ್ವಾಸಕೋಶವೇ ಇಲ್ಲ. ಉಸಿರಾಟವೆಲ್ಲ ಚರ್ಮ ಮತ್ತು ಬಾಯಿಯ ಒಳಪೊರೆಯ ಮೂಲಕ. ಚರ್ಮ ಸದಾ ತೇವವಾಗಿದ್ದರೆ ಮಾತ್ರ ಆಮ್ಲಜನಕ ಒಳಗಿಳಿದೀತು. ಈ ಗುಂಪಿನ ವೈವಿಧ್ಯದಲ್ಲಿ ಈ ಶಿಖರವೂ ಸೇರಿರುವ ದಕ್ಷಿಣ ಅಪಲೇಷಿಯನ್ ಬೆಟ್ಟಸಾಲಿನದು ಜಗತ್ತಿನಲ್ಲೇ ಮುಂಚೂಣಿಯ ಸ್ಥಾನ. ಕಂಡರೆ ಕೂತು ನೋಡಿ, ಎತ್ತಿಕೊಳ್ಳಬೇಡಿ: ಕೈಗೆ ಸವರಿಕೊಂಡ ಸೊಳ್ಳೆ ಮುಲಾಮು ಅವುಗಳ ಚರ್ಮದೊಳಗೆ ಸಲೀಸಾಗಿ ಇಳಿಯುತ್ತದೆ.

ಬೆಟ್ಟಕ್ಕೆ ಹೆಸರು ಕೊಟ್ಟ ಎಲೈಷಾ ಮಿಚೆಲ್ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. 1835ರಲ್ಲಿ ಅವರು ವಾಯುಭಾರಮಾಪಕ ಹೊತ್ತು ಈ ದಟ್ಟ ಕಾಡನ್ನು ಏರಿದರು. ಎತ್ತರ ಹೆಚ್ಚಿದಷ್ಟೂ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಬುಡದ ಅಳತೆಯನ್ನೂ ತುದಿಯ ಅಳತೆಯನ್ನೂ ಹೋಲಿಸಿದರೆ ಎತ್ತರ ಸಿಗುತ್ತದೆ. ಮುಂದೆ ಅವರ ಹಳೆಯ ಶಿಷ್ಯ, ರಾಜಕಾರಣಿ ಥಾಮಸ್ ಕ್ಲಿಂಗ್‌ಮನ್, ಗುರುಗಳು ಅಳೆದದ್ದು ಬೇರೆ ಶಿಖರವನ್ನು ಎಂದು ವಾದ ಹೂಡಿದರು. ಅಳತೆಯನ್ನು ಮತ್ತೆ ಪರೀಕ್ಷಿಸಲು ಅರವತ್ತು ದಾಟಿದ ಮಿಚೆಲ್ 1857ರಲ್ಲಿ ಬೆಟ್ಟಕ್ಕೆ ಹೋದರು. ಜಲಪಾತವೊಂದರ ಬಳಿ ಕಾಲು ಜಾರಿ ಬಿದ್ದು ತೀರಿಕೊಂಡರು. ಅವರ ಸಮಾಧಿ ಶಿಖರದ ಮೇಲಿದೆ. ಅಡಿಗಳ ಲೆಕ್ಕಕ್ಕೆ ಪ್ರಾಣವನ್ನೇ ಪಣವಿಟ್ಟ ಆ ನಿಷ್ಠೆಯನ್ನು ನೆನೆದರೆ ನನಗೆ ಇಂದಿಗೂ ಎದೆ ತುಂಬಿ ಬರುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರ ಕಡಿಯುವ ಕಂಪನಿಗಳು ಈ ಕಾಡಿಗೆ ರೈಲು ಹಳಿ ಹಾಕಿಸಿದವು. ಗವರ್ನರ್ ಲಾಕ್ ಕ್ರೇಗ್ ಮುಂದೆ ನಿಂತು ಉಳಿಸಲು ಪ್ರಯತ್ನಿಸಿದ್ದರಿಂದ 1915ರಲ್ಲಿ ಪಾರ್ಕ್ ಹುಟ್ಟಿತು. ಕೊಡಲಿ ತಪ್ಪಿತು, ಆದರೆ 1950ರ ದಶಕದಲ್ಲಿ ಕೀಟ ಬಂತು. ಯೂರೋಪ್ ಮೂಲದ ಅಡೆಲ್ಜಿಡ್, ಸಸ್ಯಹೇನಿನ ಹತ್ತಿರದ ಸಂಬಂಧಿ. ಗಾತ್ರ ಒಂದು ಮಿಲಿಮೀಟರೂ ಇಲ್ಲ, ರೆಕ್ಕೆಯಿಲ್ಲ; ಗಾಳಿಯೇ ಅದರ ವಾಹನ. ಇಲ್ಲಿರುವವೆಲ್ಲ ಹೆಣ್ಣು, ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತವೆ. ದಕ್ಷಿಣ ಅಪಲೇಷಿಯನ್ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದ ಫ್ರೇಸರ್ ಫರ್ ಮರದ ತೊಗಟೆಗೆ ಅದು ಸೂಜಿಬಾಯಿ ಚುಚ್ಚಿ ರಸ ಹೀರುತ್ತದೆ. ಅದರ ಜೊಲ್ಲಿನಿಂದ ತೊಗಟೆಯಡಿ ಬೆಳೆಯುವ ಹೊಸ ಕಟ್ಟಿಗೆ ವಿಕಾರಗೊಂಡು ಗಡುಸಾಗುತ್ತದೆ, ನೀರು ಮೇಲೇರುವ ದಾರಿ ಕಟ್ಟಿಕೊಳ್ಳುತ್ತದೆ. ಕೆಲವೇ ವರ್ಷಗಳಲ್ಲಿ ಮರ ನಿಂತಲ್ಲೇ ಒಣಗುತ್ತದೆ. ನೆರಳು ಹೋದ ಮೇಲೆ ಹಾವಸೆ ಬಾಡುತ್ತದೆ, ಜೇಡದ ಮನೆಯೂ ಹೋಗುತ್ತದೆ. ಆಮ್ಲ ಬೆರೆತ ಮಂಜು ಈ ಮರಗಳನ್ನು ಎಷ್ಟರಮಟ್ಟಿಗೆ ದುರ್ಬಲಗೊಳಿಸಿತು ಎಂಬ ಚರ್ಚೆ 1980ರ ದಶಕದಲ್ಲಿ ಜೋರಾಗಿ ನಡೆಯಿತು.

ಹೋಗುವವರು ನೆತ್ತಿಯಿಂದ ಉತ್ತರಕ್ಕೆ, ಗವರ್ನರ್ ಹೆಸರನ್ನೇ ಹೊತ್ತ ಮೌಂಟ್ ಕ್ರೇಗ್‌ವರೆಗಿನ ಕಾಲುದಾರಿಯಲ್ಲಿ ನಡೆಯಿರಿ. ದೂರ ಒಂದೂವರೆ ಕಿಲೋಮೀಟರಿನಷ್ಟೇ, ಆದರೆ ಕಲ್ಲು, ಬೇರುಗಳ ಏರಿಳಿತ ಮೊಣಕಾಲನ್ನು ಪರೀಕ್ಷಿಸುತ್ತದೆ. ಡೇರೆ ಹಾಕಲು ಇರುವ ಜಾಗಗಳು ಬೆರಳೆಣಿಕೆಯಷ್ಟು, ಮೊದಲೇ ಕಾಯ್ದಿರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಅಪ್ಪಳಿಸಿದ ಮೇಲೆ ಪಾರ್ಕ್ ತಿಂಗಳುಗಟ್ಟಲೆ ಮುಚ್ಚಿತ್ತು. ಹಾಗಾಗಿ ರಸ್ತೆಯ ಸ್ಥಿತಿ ವಿಚಾರಿಸಿಕೊಂಡೇ ಹೊರಡಿ. ಬೇಸಿಗೆಯಲ್ಲೂ ಸ್ವೆಟರ್ ಬೇಕು. ಕಪ್ಪು ಕರಡಿಗಳ ನಾಡಾದ್ದರಿಂದ ತಿಂಡಿಯನ್ನು ಡೇರೆಯಲ್ಲಿ ಇಡುವಂತೆಯೇ ಇಲ್ಲ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಗೆ ಅದೇ ಮುಳುವಾಗುತ್ತದೆ.

ಆ ದಾರಿಯಲ್ಲಿ ಬೋಳು ಮರಗಳ ಬುಡದಲ್ಲಿ ಎಳೆಯ ಫರ್ ಸಸಿಗಳು ಒತ್ತೊತ್ತಾಗಿ ಎದ್ದಿರುವುದನ್ನು ಗಮನಿಸಿ. ಅವುಗಳ ತೊಗಟೆ ಇನ್ನೂ ನುಣುಪು, ಕೀಟಕ್ಕೆ ಅಡಗಲು ಬಿರುಕುಗಳು ಸಿಗುವುದಿಲ್ಲ. ವಯಸ್ಸಾದಂತೆ ತೊಗಟೆ ಒರಟಾಗುತ್ತದೆ, ಆಗ ದಾಳಿ ಶುರುವಾಗುತ್ತದೆ. ಕ್ರಿಸ್‌ಮಸ್‌ಗೆಂದು ಇದೇ ಮರವನ್ನು ಬೆಳೆಸುವ ತೋಟಗಳಲ್ಲಿ ಔಷಧ ಸಿಂಪಡಿಸಬಹುದು. ಇಡೀ ಶಿಖರಕ್ಕೆ ಸಿಂಪಡಿಸಲಾಗದು. ಇಲ್ಲಿನ ಮರಕ್ಕಿರುವ ಅವಕಾಶ ಒಂದೇ: ಕಾಯಿ ಬಿಡುವ ವಯಸ್ಸಿಗೂ ಕೀಟ ಕೊಲ್ಲುವ ವಯಸ್ಸಿಗೂ ನಡುವಿನ ಕೆಲವು ವರ್ಷಗಳಲ್ಲಿ ಬೀಜ ಉದುರಿಸಿಬಿಡುವುದು. ಈಗ ಕಾಣುವ ಸಸಿಗಳಲ್ಲಿ ಬಹಳಷ್ಟು ಹಾಗೆ ಹುಟ್ಟಿದವು.